ಗಂಜಿ ಕಾಕು

ಧಾರವಾಡದ ಯಾವ ಓಣಿ ಹೊಕ್ಕರೂ ಒಬ್ಬ ಗಂಜಿ ಕಾಕು ಸಿಗುತ್ತಾರೆ. ಅವರಿಗೆ ಬೇರೆ ಹೆಸರಿದೆ. ರೇಷನ್ ಕಾರ್ಡಿನಾಚೆ ಅದನ್ನು ಯಾರೂ ಬಳಸಿದ್ದಿಲ್ಲ. ಎದ್ದರೆ ಕೂತರೆ ಅವರ ನೂಲಿನ ಸೀರೆ ಹಪ್ಪಳ ಮುರಿದಂತೆ ಸದ್ದು ಮಾಡುತ್ತದೆ. ಹಾಗಾಗಿ ಕಾಕು ಬಂದದ್ದು ಬಾಗಿಲು ಬಡಿಯುವ ಮೊದಲೇ ಗೊತ್ತಾಗುತ್ತದೆ.

ಅರಿವಿ ಅಂಗಡಿಯವರಿಗೆ ಕಾಕು ಬಂದರೆ ತೆರಿಗೆಯವರು ಬಂದಂತೆ. ಥಾನಿನ ತುದಿಯನ್ನು ಎರಡು ಅಂಗೈ ನಡುವೆ ಹಿಡಿದು, ರೊಟ್ಟಿ ಹಿಟ್ಟು ನಾದುವ ಬಲದಲ್ಲಿ ಹತ್ತು ಸಲ ಉಜ್ಜುತ್ತಾರೆ. ಬಿಳಿ ಪುಡಿ ಉದುರಿತೋ, ವಿಚಾರಣೆ ಶುರು.

“ಇದರಾಗ ಅರಿವಿ ಎಷ್ಟದ, ಗಂಜಿ ಎಷ್ಟದರಿ?”

ಮಗ್ಗದಲ್ಲಿ ಹಾಸಿನ ಎಳೆ ಕಡಿಯದಿರಲೆಂದು ಗಂಜಿ ಹಾಕಿಯೇ ನೇಯುತ್ತಾರೆ, ಅದು ತಪ್ಪಲ್ಲ ಎಂದು ಅಂಗಡಿಯವನು ಎಷ್ಟು ಹೇಳಿದರೂ ಕಾಕು ಕೇಳುವವರಲ್ಲ. ಮಂದಿ ಹಾಕಿದ ಗಂಜಿಯನ್ನೆಲ್ಲ ಒಂದು ರಾತ್ರಿ ನೀರಲ್ಲಿ ನೆನೆಸಿ ತೊಳೆದು, ಅರಿವಿ ಕುಗ್ಗುವಷ್ಟು ಕುಗ್ಗಿದ ಮೇಲೆ ತಮ್ಮ ಗಂಜಿ ಹಾಕಿದರೇ ಅವರಿಗೆ ಸಮಾಧಾನ. ಹೊರಗಿನ ಊಟ ಒಲ್ಲೆನೆನ್ನುವ ಮಡಿಯವರ ಹಾಗೆ. ಅದರಲ್ಲೂ ಒಂದು ಲೆಕ್ಕವಿದೆ ಎನ್ನಿ. ತೊಳೆಯದೆ ಹೊಲಿದ ಜಂಪರು ಮೊದಲ ಒಗೆತಕ್ಕೇ ತಂಗಿಯ ಪಾಲಾಗುತ್ತದೆ.

ಕಸೂತಿ ಕಲಿಯಲು ಬಂದ ಹುಡುಗಿಯರಿಗೆ ಮೊದಲ ವಾರ ಕಾಕು ಸೂಜಿ ಕೊಡುವುದಿಲ್ಲ, ಸೌಟು ಕೊಡುತ್ತಾರೆ. ಕಸೂತಿಗೆ ಅಚ್ಚು ಒತ್ತುವ ಪದ್ಧತಿಯಿಲ್ಲ, ಪೆನ್ಸಿಲಿನಲ್ಲಿ ಗೆರೆ ಎಳೆಯುವುದೂ ಇಲ್ಲ. ಎಳೆ ಎಣಿಸೆಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ ಏಳಬೇಕು. ಗವಂತಿ ಹೊಲಿಗೆಯಲ್ಲಂತೂ ಹೋಗುವಾಗ ಬಿಟ್ಟ ಸಂದನ್ನು ಬರುವಾಗ ಅದೇ ತೂತು ಹಿಡಿದು ತುಂಬಬೇಕು, ಗಂಟು ಹಾಕಬಾರದು, ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಮೆತ್ತನೆಯ ಅರಿವಿಯಲ್ಲಿ ಎಳೆಗಳು ಸಂತೆಯ ಮಂದಿಯಂತೆ ಸರಿದಾಡುತ್ತವೆ. ಗಂಜಿ ಕುಡಿದವೆಂದರೆ ಶಾಲೆಯ ಪ್ರಾರ್ಥನೆಗೆ ನಿಂತಂತೆ ಸಾಲಾಗಿ ನಿಲ್ಲುತ್ತವೆ. “ಗಂಜಿ ಇಲ್ಲದ ಅರಿವಿ ಮ್ಯಾಲ ಕಸೂತಿ ಅಂದ್ರ ಹಸೀ ಗೋಡಿ ಮ್ಯಾಲ ಸುಣ್ಣಾ ಬಳದಂಗ,” ಎನ್ನುತ್ತಾರೆ ಕಾಕು. 2006ರಲ್ಲಿ ಕಸೂತಿಗೆ ಜಿಐ ಮಾನ್ಯತೆ ಬಂದ ಸುದ್ದಿ ಕೇಳಿದಾಗಲೂ ಅವರು ಕೇಳಿದ್ದು ಒಂದೇ ಮಾತು: “ಗಂಜಿಗೆ ಯಾವಾಗ ಕೊಡ್ತಾರಂತ?”

ಇಂಥವರ ಜನ್ಮವೈರಿ ಪ್ರೆಶರ್ ಕುಕ್ಕರ್. ಬೋಗುಣಿಯಲ್ಲಿ ಅನ್ನ ಬೇಯಿಸಿ ಬಸಿಯುತ್ತಿದ್ದ ಕಾಲದಲ್ಲಿ ಗಂಜಿ ಪುಕ್ಕಟೆ ಸಿಗುತ್ತಿತ್ತು. ಕುಕ್ಕರು ಅದನ್ನೆಲ್ಲ ಅನ್ನಕ್ಕೇ ಕುಡಿಸಿಬಿಡುತ್ತದೆ. ಆದ್ದರಿಂದ ಕಾಕು ಮನೆಯಲ್ಲಿ ಇಂದಿಗೂ ಬಸಿದ ಅನ್ನವೇ. ಅಕ್ಕಿ ಆರಿಸುವುದೂ ಅರಿವಿಯ ಸಲುವಾಗಿ: ಹೊಸ ಅಕ್ಕಿಯಾದರೆ ಗಂಜಿ ದಪ್ಪ. ಮನೆಮಂದಿ ಮುದ್ದೆಯಾದ ಅನ್ನ ಉಣ್ಣುತ್ತಾರೆ, ದಿಂಬಿನ ಚೀಲ ಗರಿಗರಿ.

ಬಸಿಗಂಜಿ ಸಾಲದ ದಿನ ಕಾರ್ನ್‌ಫ್ಲೋರ್ ಡಬ್ಬಿ ಇಳಿಯುತ್ತದೆ. 1 ಲೀಟರ್ ನೀರಿಗೆ 2 ದೊಡ್ಡ ಚಮಚ. ಮೊದಲು ತಣ್ಣೀರಲ್ಲಿ ಕಲಸಿಕೊಂಡು, ಆಮೇಲೆ ಕುದಿಯುವ ನೀರಿಗೆ ಸುರಿಯಬೇಕು. ಒಣ ಹಿಟ್ಟನ್ನೇ ಸುರಿದ ಹುಡುಗಿಯನ್ನು, ಆಕೆ ಮದುವೆಯಾಗಿ ಹೋಗುವವರೆಗೂ ಕಾಕು ಮರೆಯುವುದಿಲ್ಲ. ಸೌಟು ತಿರುವುತ್ತ ಹೋದಂತೆ ಹಾಲಿನಂತಿದ್ದದ್ದು ಒಮ್ಮೆಗೇ ಕನ್ನಡಕದ ಗಾಜಿಗೆ ಉಸಿರು ಊದಿದಂತೆ ಮಸುಕು ಮಸುಕಾಗಿ ಅರೆಪಾರದರ್ಶಕವಾಗುತ್ತದೆ, ಸೌಟು ಭಾರವಾಗುತ್ತದೆ. ನಿವೃತ್ತ ವಿಜ್ಞಾನ ಮಾಸ್ತರರಾದ ಯಜಮಾನರು ಪೇಪರಿನ ಹಿಂದಿನಿಂದ, ಸುಮಾರು 70 ಡಿಗ್ರಿಯಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ ಎಂದು ವಿವರಿಸುತ್ತಾರೆ. ಅವರ ಹಳೇ ಧೋತರದಲ್ಲೇ ಆ ಗಂಜಿ ಸೋಸಲ್ಪಡುತ್ತದೆ. ಒಂದು ಗಂಟು ಉಳಿದರೂ ಇಸ್ತ್ರಿ ಅದನ್ನು ಸುಟ್ಟು ಕಂದು ಕಲೆ ಮಾಡುತ್ತದೆಯಲ್ಲ! ಅದ್ದಿದ ಅರಿವಿಯನ್ನು ನೆರಳಲ್ಲಿ ಆರಹಾಕಿ, ಇನ್ನೂ ಹಸಿ ಹಸಿ ಇರುವಾಗಲೇ ಹಾಸು ಹೊಕ್ಕು ನೇರವಾಗುವಂತೆ ನಾಲ್ಕೂ ಮೂಲೆ ಎಳೆದು ಇಸ್ತ್ರಿ.

ಕಪ್ಪು ಚಂದ್ರಕಾಳಿ ಸೀರೆಯ ಕೇಸು ಬೇರೆ. ಅದರ ಮೇಲೆ ಗಂಜಿ ಒಣಗಿದರೆ ವಿಭೂತಿ ಬಳಿದಂತೆ ಬಿಳಿ ಬಿಳಿ. ಅಂಥ ದಿನ ಕಾಕು ಗಂಜಿ ತೆಳುಮಾಡಿ ಅದಕ್ಕೆ ಚಹಾದ ಡಿಕಾಕ್ಷನ್ ಬೆರೆಸುತ್ತಾರೆ. ಯಜಮಾನರಿಗೆ ಅಂದು ಹಾಲಷ್ಟೇ.

ಇಷ್ಟೆಲ್ಲ ಕಾಳಜಿಯಿಂದ ಹಾಕಿದ ಗಂಜಿಯನ್ನು ಕಸೂತಿ ಮುಗಿದೊಡನೆ ಅಷ್ಟೇ ಕಾಳಜಿಯಿಂದ ತೆಗೆಯುತ್ತಾರೆ. ಗಂಜಿ ಉಳಿದ ಅರಿವಿಯನ್ನು ಟ್ರಂಕಿನಲ್ಲಿಟ್ಟರೆ ಜಿರಳೆಗೂ, ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೂ ಹಬ್ಬ. ಎರಡು ನೀರು, ಮೂರು ನೀರು. ಪೂರಾ ಹೋಯಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಹಕ್ಕು ಮಾಸ್ತರರದು: ಹಿಂಡಿದ ನೀರಿಗೆ ಒಂದು ಹನಿ ಟಿಂಚರ್ ಅಯೋಡಿನ್ ಬಿಡುತ್ತಾರೆ; ನೀಲಿಗಪ್ಪಾದರೆ ಗಂಜಿ ಇನ್ನೂ ಇದೆ ಎಂದರ್ಥ, ಮತ್ತೆ ತೊಳೆ.

ಹೋದ ಶ್ರಾವಣದಲ್ಲಿ ಮಾಸ್ತರರ ಕೈ ನಡುಗಿ, ಬಾಟಲಿ ವಾಲಿ, ಮದುವೆಗೆಂದು ಗಂಜಿ ಹಾಕಿಸಿಕೊಂಡು ಉಟ್ಟಿದ್ದ ಬಿಳಿ ಧೋತರದ ಮೇಲೆ ಅಂಗೈಯಗಲ ಅಯೋಡಿನ್ ಚೆಲ್ಲಿತು. ನೋಡ ನೋಡುತ್ತ ಅಷ್ಟೂ ಕಡೆ ಕಡುನೀಲಿ. ಮಾಸ್ತರರು ಬೈಗುಳಕ್ಕೆ ತಯಾರಾಗಿ ಕಣ್ಣುಮುಚ್ಚಿ ನಿಂತರು. ಕಾಕು ಕನ್ನಡಕ ಏರಿಸಿ, ಧೋತರದ ಚುಂಗು ಹಿಡಿದು ಕಿಟಕಿಯ ಬೆಳಕಿಗೊಡ್ಡಿದರು. ಅದರಲ್ಲಿ ಎಲ್ಲೂ ತಿಳಿ ಬಣ್ಣವಿಲ್ಲ, ಚುಕ್ಕೆಯಿಲ್ಲ.

“ನೋಡ್ರಿ,” ಎಂದರು ಹುಡುಗಿಯರ ಕಡೆ ತಿರುಗಿ, “ಗಂಜಿ ಎಷ್ಟು ಸಮ ಹತ್ತೇದ!”