ಪಾನಾ ಕಾಕಾ

ಬೆಳಗಾವಿಯ ಶಿವಬಸವ ನಗರದಲ್ಲಿ ನಾಗನೂರು ರುದ್ರಾಕ್ಷಿ ಮಠವಿದೆ, ಎಂಜಿನಿಯರಿಂಗ್ ಕಾಲೇಜಿದೆ, ಇವುಗಳ ನಡುವೆ ಗಲ್ಲಿಗೊಬ್ಬ ಪಾನಾ ಕಾಕಾ ಇದ್ದಾರೆ. ನಿವೃತ್ತಿಯ ಆಸುಪಾಸಿನ ವಯಸ್ಸು, ಮನೆ ಮುಂದೆ ವಯಸ್ಸಾದ ಕಾರು, ಕಿಸೆಯಲ್ಲಿ ನಟ್ಟು ಬಿಚ್ಚುವ ಹತ್ತು-ಹನ್ನೊಂದರ ಪಾನಾ. ಶೋರೂಮಿನವರು ಸುಲಿಯುತ್ತಾರೆ, ಅಂಗಡಿಯ ಹೊಸ ಪಾರ್ಟೆಲ್ಲ ಡೂಪ್ಲಿಕೇಟು, ಅಪ್ಪಟ ಕಂಪನಿ ಮಾಲು ಸಿಗುವುದು ಭಂಗಾರದಂಗಡಿಯಲ್ಲಿ, ಅಂದರೆ ಗುಜರಿ ಅಂಗಡಿಯಲ್ಲಿ, ಮಾತ್ರ ಎಂದು ಅವರ ಗಟ್ಟಿ ನಂಬಿಕೆ. ಇಂಥವರನ್ನು ಜಿಪುಣರೆಂದು ಕರೆದು ಕೈತೊಳೆದುಕೊಳ್ಳುವುದು ವಾಡಿಕೆ. ಅದು ಅನ್ಯಾಯ. ಜಿಪುಣ ಬೇಕಾದ ಸಾಮಾನಿಗೂ ದುಡ್ಡು ತೆಗೆಯುವುದಿಲ್ಲ. ಕಾಕಾ ಬೇಡದ ಸಾಮಾನಿಗೂ ತೆಗೆಯುತ್ತಾರೆ. ಅವರ ಮಂಚದ ಕೆಳಗೆ ಎಂದೋ ಮಾರಿಹೋದ ಕಾರಿನ ಸೈಲೆನ್ಸರ್ ಕೂಡ ಇದೆ, ಕಾಕು ಅದರ ಸುತ್ತ ಕಸ ಗುಡಿಸುತ್ತಾರೆ. ಅವರನ್ನು ದಾರಿ ತಪ್ಪಿಸಿದ್ದು ಆಸೆಯಲ್ಲ, ವಿದ್ಯೆ ಎಂದು ನನ್ನ ವಾದ. ಎಲೆಕ್ಟ್ರಾನಿಕ್ ಬ್ರೇಕಿನ ವಿಷಯದಲ್ಲಿ ಇದು ಎದ್ದು ಕಾಣುತ್ತದೆ.

ಆ ವಿದ್ಯೆಯ ಮೂಲ ಊರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿದೆ. ಬೆಳಗಾವಿ ಫೌಂಡ್ರಿಗಳ ಊರು, ಕ್ರ್ಯಾಂಕ್‌ಶಾಫ್ಟಿಗೆ ಹೆಸರಾದ ಊರು, ಹೈಡ್ರಾಲಿಕ್ ಪಂಪು-ವಾಲ್ವು ತಯಾರಾಗುವ ಊರು. ಇಲ್ಲಿ ಬೆಳೆದವರು ಬ್ಯಾಂಕಿನಲ್ಲೇ ಸವೆದಿದ್ದರೂ ಅವರ ಮನೆತನದಲ್ಲಿ ಯಾರೋ ಒಬ್ಬರು ಲೇಥಿನ ಮುಂದೆ ನಿಂತಿರುತ್ತಾರೆ. ಎರಕದ ತುಂಡನ್ನು ತಟ್ಟಿ, ಸದ್ದಿನಿಂದಲೇ ಬಿರುಕು ಕಂಡುಹಿಡಿಯುವ ಜನ. ಪ್ರೀಮಿಯರ್ ಪದ್ಮಿನಿ, ಅಂಬಾಸಡರ್, ಹಳೆಯ ಮಾರುತಿ 800ರ ಕಾಲಕ್ಕೆ ಇಷ್ಟು ಸಾಕಾಗಿತ್ತು. ಒಂದರ ಕಾರ್ಬುರೇಟರ್ ಬಿಚ್ಚಿ, ಜೆಟ್ ಊದಿ, ಅದೇ ಮಾಡೆಲ್ಲಿನ ಇನ್ನೊಂದಕ್ಕೆ ಕೂರಿಸಿ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಗಾಡಿ ಹೊರಟಿತು. ತಾನು ಹಿಂದೆ ಯಾರ ಮನೆಯಲ್ಲಿದ್ದೆ ಎಂಬ ನೆನಪು ಕಾರ್ಬುರೇಟರಿಗೆ ಇರಲಿಲ್ಲ.

ಎಬಿಎಸ್ ಎಂಬ ಎಲೆಕ್ಟ್ರಾನಿಕ್ ಬ್ರೇಕ್ ಏರ್ಪಾಡಿಗೆ ಇದೆ. ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸಿಗೆ ಒದಗಿಸಿದ ಈ ಏರ್ಪಾಡು ನಮ್ಮಲ್ಲಿ 2019ರ ಏಪ್ರಿಲ್ ಹೊತ್ತಿಗೆ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಚಕ್ರಕ್ಕೊಂದು ಸೆನ್ಸರ್ ಇರುತ್ತದೆ. ಬ್ರೇಕ್ ಒತ್ತಿದಾಗ ಯಾವುದಾದರೂ ಚಕ್ರ ತಿರುಗುವುದನ್ನು ಬಿಟ್ಟು ಜಾರತೊಡಗಿದರೆ, ಬಾನೆಟ್ಟಿನೊಳಗಿನ ಯೂನಿಟ್ ಆ ಚಕ್ರದ ಒತ್ತಡವನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತದೆ. ಯೂನಿಟ್ಟಿನ ಮೈ ಅಲ್ಯುಮಿನಿಯಂ ಬ್ಲಾಕು, ಒಂದು ಮಗ್ಗುಲಿಗೆ ಪಂಪಿನ ಮೋಟಾರು, ಇನ್ನೊಂದು ಮಗ್ಗುಲಿಗೆ ಕರಿ ಪ್ಲಾಸ್ಟಿಕ್ಕಿನ ಇಸಿಯು, ಅಂದರೆ ಅದರ ಮಿದುಳು. ಬ್ಲಾಕು, ವಾಲ್ವು, ಮೋಟಾರಿನ ಬಗ್ಗೆ ಕಾಕಾ ಮಾತಾಡಿದರೆ ಎಂಜಿನಿಯರಿಂಗ್ ಹುಡುಗರು ನೋಟ್ಸ್ ಬರೆದುಕೊಳ್ಳಬೇಕು, ಅಷ್ಟು ಚೊಕ್ಕ. ಇಸಿಯುಗೆ ಮಾತ್ರ ಅವರಿಟ್ಟ ಹೆಸರು 'ಮುಚ್ಚಳ'.

ಗುಜರಿ ಕಾರಿನಿಂದ ಈ ಯೂನಿಟ್ ಬಿಚ್ಚುವ ಕಲೆಯನ್ನು ಕಾಕಾ ವರ್ಣಿಸತೊಡಗಿದರೆ ಎದುರಿಗೆ ಕೂತವರ ಚಹಾ ಕೆನೆಗಟ್ಟುತ್ತದೆ. ಭಂಗಾರದಂಗಡಿಯ ಹುಡುಗನಿಗೆ ಯೂನಿಟ್ ಎಂದರೆ ಕಿಲೋ ಲೆಕ್ಕದ ಅಲ್ಯುಮಿನಿಯಂ, ಗರಗಸ ಹಿಡಿದೇ ಬರುತ್ತಾನೆ. "ಏ ತಮ್ಮಾ, ಕೊಯ್ಯಬ್ಯಾಡೋ! ನಟ್ ಬಿಚ್ಚಿ ಕೊಡ್ತೇನಿ ತಡಿ," ಎಂದು ಕಾಕಾ ನೆಲಕ್ಕೆ ಮೊಣಕಾಲೂರುತ್ತಾರೆ. ಮಾಸ್ಟರ್ ಸಿಲಿಂಡರಿನಿಂದ ಬರುವ ಎರಡು, ಚಕ್ರಗಳಿಗೆ ಹೋಗುವ ನಾಲ್ಕು, ಒಟ್ಟು ಆರು ಪೈಪು. ಸಾದಾ ಪಾನಾ ಹಾಕಿದರೆ ಆ ಮೆತ್ತನೆ ನಟ್ಟುಗಳ ಮೂಲೆ ಸವೆಯುತ್ತದೆಂದು ಪೈಪ್ ನಟ್ಟಿಗೇ ಮಾಡಿದ ಪಾನಾ ತಂದಿರುತ್ತಾರೆ, ಎಣ್ಣೆ ಬಿಟ್ಟು ನೆನೆಯಲು ಕಾಯುತ್ತಾರೆ. ಇಲ್ಲಿಯವರೆಗೆ ಅವರ ಕೈಗೆ ನಮಸ್ಕಾರ ಹಾಕಬೇಕು. ಕೆಡುವುದು ಆಮೇಲೆ. ಪೈಪು ಕಳಚಿದ ಆರೂ ತೂತುಗಳನ್ನು ತಕ್ಷಣ ಮುಚ್ಚಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಒಳಗಿನ ವಾಲ್ವು ತುಕ್ಕು ಹಿಡಿಯುತ್ತದೆ. ಕಾಕಾ ಯೂನಿಟ್ಟನ್ನು ಸಂತೆಚೀಲದಲ್ಲಿಟ್ಟು ಸ್ಕೂಟರಿಗೆ ತೂಗುಹಾಕಿ ಹೊರಡುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಸೋರಿದ ಆಯಿಲ್ ಸ್ಕೂಟರಿನ ಬಣ್ಣ ತಿನ್ನಲು ಶುರುಮಾಡಿರುತ್ತದೆ. ಸೆನ್ಸರುಗಳದು ಬೇರೆ ಕಥೆ. ಖಾನಾಪುರದ ಮಳೆ, ಕೆಸರು ಕಂಡ ಕಾರಾದರೆ ಸೆನ್ಸರ್ ಹಬ್ಬಿನೊಳಗೆ ತುಕ್ಕಿನಿಂದ ಕಚ್ಚಿಕೊಂಡಿರುತ್ತದೆ. ಎಳೆದರೆ ವೈರು ಕೈಗೆ ಬರುತ್ತದೆ, ತಲೆ ಅಲ್ಲೇ ಉಳಿಯುತ್ತದೆ. ಇಡಿಯಾಗಿ ಬಂದದ್ದಕ್ಕೆ ಕಾಕಾ ಮಲ್ಟಿಮೀಟರ್ ಹಿಡಿಯುತ್ತಾರೆ. ಬರೀ ಕಾಯಿಲ್ ಇರುವ ಹಳೆಯ ಬಗೆಯ ಸೆನ್ಸರಿಗೆ ಆ ಪರೀಕ್ಷೆ ಸರಿ, ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಹೊಸ ಬಗೆಗೆ ಅದರಿಂದ ಏನೂ ತಿಳಿಯದು, ಕೆಡುವ ಸಾಧ್ಯತೆಯೂ ಉಂಟು. ಒಳ್ಳೆಯದನ್ನು ಎಸೆದು ಸತ್ತದ್ದನ್ನು ಜೋಪಾನ ಮಾಡುವುದು ಹೀಗೆ.

"ಅದೇ ಕಂಪನಿ, ಅದೇ ಮಾಡೆಲ್. ಯಾಕ ಕೂಡೂದಿಲ್ರಿ?" ಎಂದು ಅವರ ಆಕ್ಷೇಪ. ಕೂಡುತ್ತದೆ, ಬೋಲ್ಟು ಕೂಡುತ್ತದೆ, ಪೈಪು ಕೂಡುತ್ತದೆ. ಆದರೆ ಅದೇ ಮಾಡೆಲ್ಲಿನ ಎರಡು ಕಾರುಗಳಲ್ಲಿ ಒಂದಕ್ಕೆ ಗಾಡಿ ಅಡ್ಡಜಾರದಂತೆ ತಡೆಯುವ ಇಎಸ್‌ಪಿ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು, ಎಂಜಿನ್ನಿನ ಭಾರ, ಟಯರಿನ ಅಳತೆ ಬೇರೆ ಇರಬಹುದು. ಮುಚ್ಚಳ ಇದನ್ನೆಲ್ಲ ಮೊದಲ ಕಾರಿಗೆ ತಕ್ಕಂತೆ ಲೆಕ್ಕ ಹಾಕಿಟ್ಟುಕೊಂಡಿರುತ್ತದೆ. ಪಾರ್ಟ್ ನಂಬರಿನ ಕೊನೆಯ ಅಕ್ಷರವೂ ತಾಳೆಯಾಗಬೇಕು, ಹಲವು ಕಾರುಗಳಲ್ಲಿ ಸ್ಕ್ಯಾನರಿನಿಂದ ಕೋಡಿಂಗ್ ಆಗಬೇಕು, ಬ್ಲಾಕಿನೊಳಗೆ ಸಿಕ್ಕ ಗಾಳಿ ತೆಗೆಯಲು ಪಂಪನ್ನೂ ಬಹುಪಾಲು ಸ್ಕ್ಯಾನರಿನಿಂದಲೇ ಓಡಿಸಬೇಕು. ಇಲ್ಲವಾದರೆ ಪೆಡಲು ಮೆತ್ತಗಾಗುತ್ತದೆ. ಸ್ಕ್ಯಾನರ್ ಇರುವುದು ಮೊಮ್ಮಗನ ವಯಸ್ಸಿನ ಮೆಕ್ಯಾನಿಕ್ಕಿನ ಹತ್ತಿರ, ಕಾಕಾಗೆ ಕಷ್ಟವಾಗುವುದು ಅಲ್ಲಿಯೇ. ಬದುಕಿಡೀ ಲೋಹದ ಸದ್ದು ಕೇಳಿ ತೀರ್ಪು ಕೊಟ್ಟ ಕಿವಿ, ಲ್ಯಾಪ್‌ಟಾಪಿನ ಮುಂದೆ ಕೂತ ಹುಡುಗನ "ನಾಟ್ ಮ್ಯಾಚಿಂಗ್ ಅಂಕಲ್" ಕೇಳಿಸಿಕೊಳ್ಳಬೇಕು. ಅದಕ್ಕಿಂತ ಯೂನಿಟ್ ಮಂಚದ ಕೆಳಗೆ ಇರುವುದೇ ಮೇಲೆನಿಸಿದರೆ ಅವರನ್ನು ದೂರುವುದು ಕಷ್ಟ.

ಹಾಗಾದರೆ ಗುಜರಿ ಬ್ರೇಕನ್ನೇ ನಿಲ್ಲಿಸಿಬಿಡಿ ಎನ್ನುವವರಿದ್ದಾರೆ. ಪ್ಯಾಡು, ರಬ್ಬರ್ ಹೋಸು ಹಳೆಯದನ್ನು ಹಾಕಬಾರದೆಂಬುದಕ್ಕೆ ನನ್ನ ಸಹಮತವಿದೆ. ಬೆಳಗಾವಿ ಕಂಡ 2019ರ ಆಗಸ್ಟಿನಂಥ ನೆರೆಯಲ್ಲಿ ಮುಳುಗಿ ಎದ್ದ ಕಾರಿನ ಯೂನಿಟ್ಟನ್ನು ಪುಕ್ಕಟೆ ಕೊಟ್ಟರೂ ಮುಟ್ಟಬಾರದು. ಆದರೆ ಪೂರ್ಣ ನಿಷೇಧದ ವಾದ ಒಂದು ಸಂಗತಿಯನ್ನು ಮರೆಯುತ್ತದೆ. ಹಳೆಯ ಕಾರಿಗೆ ಹೊಸ ಯೂನಿಟ್ ಹಾಕಿಸುವ ಖರ್ಚು ಕಾರಿನ ಬೆಲೆಯಲ್ಲೇ ದೊಡ್ಡ ಪಾಲು ನುಂಗುತ್ತದೆ. ಆಗ ಡ್ಯಾಶ್‌ಬೋರ್ಡಿನ ಎಬಿಎಸ್ ದೀಪವನ್ನೇ ಕಿತ್ತುಹಾಕಿಸಿ, ಚೋರ್ಲಾ ಘಾಟಿನಲ್ಲಿ ಮಳೆಗಾಲದಲ್ಲೂ ನಿಶ್ಚಿಂತೆಯಿಂದ ಗೋವೆಗೆ ಇಳಿಯುವವರಿದ್ದಾರೆ. ದೀಪ ಉರಿದದ್ದಕ್ಕೆ ನಿದ್ದೆಗೆಡುವ ಕಾಕಾ ಇವರಿಗಿಂತ ಎಷ್ಟೋ ಪಾಲು ಮೇಲು. 2021ರ ಗುಜರಿ ನಿಯಮಗಳ ಪ್ರಕಾರ ನೋಂದಾಯಿತ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ ಪ್ರಮಾಣಪತ್ರ ಸಿಗುತ್ತದೆ, ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿಗೆ ದಾರಿಯಾಗುತ್ತದೆ. ಗಲ್ಲಿಯ ಭಂಗಾರದಂಗಡಿಗಿಂತ ಅಂಥ ಕಡೆ ಬಿಚ್ಚಿದ ಮಾಲಿಗೆ ಊರು-ಹೆಸರು ಇರುತ್ತದೆಂದು ಯಾರಾದರೂ ಹೇಳಿದರೆ ಕಾಕಾ ನಗುತ್ತಾರೆ: "ಆ ಕಾಗದಾ ತುಳಿದ್ರ ಗಾಡಿ ನಿಲ್ತೈತೇನ್ರಿ?"

ಅವರಿಗೆ ಹೇಳಬೇಕಾದದ್ದು ಸಣ್ಣದು. ಕಾರು ಇಡಿಯಾಗಿರುವಾಗಲೇ ಕೀಲಿ ತಿರುಗಿಸಿ ನೋಡಿದರೆ, ಎಬಿಎಸ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರಿದರೆ ಯೂನಿಟ್ ಬಹುಮಟ್ಟಿಗೆ ಗಟ್ಟಿಮುಟ್ಟು, ಆರದಿದ್ದರೆ ಬಿಚ್ಚುವ ಕಷ್ಟವೇ ಬೇಡ. ಖರ್ಚಿಲ್ಲದ ಪರೀಕ್ಷೆ ಇದೊಂದೇ. ಆದರೆ ಸೀಸಕ್ಕೆ ಒಳ್ಳೆ ರೇಟು ಇರುವುದರಿಂದ ಭಂಗಾರದಂಗಡಿಯಲ್ಲಿ ಮೊದಲು ಮಾರಾಟವಾಗುವುದು ಬ್ಯಾಟರಿ. ಕಾಕಾ ಪಾನಾ ಹಿಡಿದು ಬರುವ ಹೊತ್ತಿಗೆ ಕಾರು ಮೂಕವಾಗಿರುತ್ತದೆ. ಮುಂದಿನ ಸಲವಾದರೂ ಸ್ಕೂಟರಿನಲ್ಲೊಂದು ಬ್ಯಾಟರಿ ಒಯ್ಯಿರೆಂದರೆ ಉತ್ತರ ತಯಾರಿದೆ: "ಲೈಟ್ ನೋಡಿ ಏನ್ ಮಾಡ್ತೀರಿ ಸರ? ಮಾಲ್ ನೋಡ್ರಿ, ಮಾಲ್!"