ಭಾವೀ ಮೇಕೆ ಮಾಲೀಕರು

ಇವರಿಗೆ ವಯಸ್ಸು ಮೂವತ್ತೈದು ದಾಟಿರುತ್ತದೆ, ನಲವತ್ತೈದು ಆಗಿರುವುದಿಲ್ಲ. ಕೆಲಸ ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದಲ್ಲಿ, ಮನೆ ಹದಿನಾಲ್ಕನೇ ಮಹಡಿಯಲ್ಲಿ, ಮನೆಸಾಲ ಇನ್ನೂ ಹದಿನಾಲ್ಕು ವರ್ಷ. ಮ್ಯಾನೇಜರ್ ಬೈದ ದಿನ ರಾತ್ರಿ ಊಟ ಬಿಟ್ಟು ಯೂಟ್ಯೂಬ್ ತೆಗೆದು ಕೂರುತ್ತಾರೆ. ಇಪ್ಪತ್ತು ಮೇಕೆ ಸಾಕಿ ತಿಂಗಳಿಗೆ ಲಕ್ಷ ದುಡಿಯುವವರ ವಿಡಿಯೊ ಎರಡು ಸಲ ನೋಡಿದ ಮೇಲೆ ಹಸಿವು ಮರಳುತ್ತದೆ. ಬರುವ ಭಾನುವಾರ ತಿ. ನರಸೀಪುರದ ಕಡೆ ಕಾರು ಹೊರಟಿತೆಂದೇ ಲೆಕ್ಕ.

ನಾನು ಈ ಸೀಮೆಯವನು. ಇಲ್ಲೊಂದು ಸಣ್ಣ ಮೇಕೆ ಫಾರಂ ಇದೆ. ಅದರ ಯಜಮಾನರು ನನಗೆ ದೂರದ ನೆಂಟರು. ಭಾನುವಾರ ಅವರ ಜಗುಲಿಯಲ್ಲಿ ಕೂತು ಕಾಫಿ ಕುಡಿಯುವುದು ನನ್ನ ಹಳೆಯ ಚಾಳಿ. ಹಾಗಾಗಿ ಈ ಭಾವೀ ಮಾಲೀಕರನ್ನು ಸಾಕಷ್ಟು ಹತ್ತಿರದಿಂದ ನೋಡಿದ್ದೇನೆ. ಕಾರಿನ ಬಣ್ಣ ಬೇರೆ ಬೇರೆ, ಆಸಾಮಿ ಒಬ್ಬರೇ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದು ಅಂತಾದ ಮೇಲೆ ಈ ತಳಿ ವೃದ್ಧಿಸಿತು. 2023ರ ಮಾರ್ಚ್‌ನಲ್ಲಿ ಮೈಸೂರು ದಶಪಥ ಉದ್ಘಾಟನೆಯಾಯಿತು ನೋಡಿ, ಆಮೇಲೆ ತಡೆಯುವವರೇ ಇಲ್ಲ.

ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ ಅಂದವರು ಎಂಟಕ್ಕೆ ಹೊರಡುತ್ತಾರೆ. ಬೇಗ ಮುಟ್ಟಲೆಂದು ದಶಪಥ ಹತ್ತಿ, ತಟ್ಟೆ ಇಡ್ಲಿಗೆಂದು ಬಿಡದಿಗೆ ಇಳಿದು, ಮತ್ತೆ ಹತ್ತಿ, ವಡೆಗೆಂದು ಮದ್ದೂರಿಗೆ ಇಳಿದು, ಮಳವಳ್ಳಿ, ಕಿರುಗಾವಲು, ಬನ್ನೂರು ದಾಟಿ ಫಾರಂ ತಲುಪುವಾಗ ಹನ್ನೆರಡರ ಹತ್ತಿರ. ಅಷ್ಟೊತ್ತಿಗೆ ಆಡುಗಳು ಬೆಳಗಿನ ಮೇವು ಮುಗಿಸಿ ಅಟ್ಟಣಿಗೆಯ ಮೇಲೆ ಮಲಗಿ ಮೆಲುಕು ಹಾಕುತ್ತಿರುತ್ತವೆ. ಕಾರಿನಿಂದ ಮೊದಲು ಇಳಿಯುವುದು ಹೊಸ ಗಮ್‌ಬೂಟು, ಅದರ ಹಿಂದೆ ಭಾವೀ ಮಾಲೀಕರು, ಆಮೇಲೆ ಸ್ಯಾನಿಟೈಸರ್ ಹಿಡಿದ ಹೆಂಡತಿ, ಮಗಳು. ಕೊನೆಯಲ್ಲಿ, ಸೊಂಟ ಹಿಡಿದುಕೊಂಡು, ಅತ್ತೆ.

ಮೊದಲ ಪ್ರಶ್ನೆ ಆಡಿನದಲ್ಲ. “ಸಬ್ಸಿಡಿ ಎಷ್ಟು ಬರುತ್ತೆ ಸರ್?” ಕೇಳಿದವರೇ ಉತ್ತರವನ್ನೂ ಹೇಳುತ್ತಾರೆ. ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯಲ್ಲಿ ನೂರು ಹೆಣ್ಣು, ಐದು ಹೋತದ ಘಟಕಕ್ಕೆ ಖರ್ಚಿನ ಅರ್ಧ, 10 ಲಕ್ಷದವರೆಗೆ. ಐನೂರಕ್ಕೆ ಇಪ್ಪತ್ತೈದು ಹೋತವಾದರೆ 50 ಲಕ್ಷದವರೆಗೆ. ಮೇಕೆಯ ಬಾಯಲ್ಲಿ ಮೇಲಿನ ಸಾಲಿಗೆ ಮುಂಬಲ್ಲು ಇಲ್ಲವೆಂಬುದು ಗೊತ್ತಿರಲಿಕ್ಕಿಲ್ಲ, ಈ ಅಂಕಿಗಳು ಮಾತ್ರ ಬಾಯಿಪಾಠ.

ಆಮೇಲೆ ಕೊಟ್ಟಿಗೆ ಪ್ರವೇಶ. ಬನ್ನೂರು ಕುರಿಯ ಮಾಂಸದ ಹೆಸರು ಕೇಳಿಕೊಂಡು ಬಂದವರು, ಎದುರಿಗೆ ನಿಂತ ಕರಿಯ ಉಸ್ಮಾನಾಬಾದಿಯನ್ನು ತೋರಿಸಿ “ಇದೇನಾ ಬನ್ನೂರು?” ಎನ್ನುತ್ತಾರೆ. ಫಾರಂನಲ್ಲಿ ಕೆಲಸಕ್ಕಿರುವ ಅಜ್ಜ ಈ ಪ್ರಶ್ನೆಗೆ ಈಗ ನಗುವುದನ್ನೂ ಬಿಟ್ಟಿದ್ದಾನೆ. “ಅದು ಕುರಿ ಕಣ್ ಸ್ವಾಮಿ, ಇದು ಆಡು. ಬಾಲ ನೋಡಿ. ಮ್ಯಾಕ್ಕಿದ್ರೆ ಆಡು, ಕೆಳಕ್ಕಿದ್ರೆ ಕುರಿ.” ಇದನ್ನವರು ಫೋನಿನಲ್ಲಿ ಬರೆದುಕೊಳ್ಳುತ್ತಾರೆ. ಆ ಕುರಿಯ ಮೂಲವೆನ್ನುವ ಬಂಡೂರು ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ. ಬರುವಾಗ ಆ ಊರಿನ ಆಸುಪಾಸಿನಲ್ಲೇ ಹಾದು ಬಂದಿದ್ದಾರೆ, ವಡೆಯ ಮಂಪರಿನಲ್ಲಿ.

ಇನ್ನು ಲ್ಯಾಪ್‌ಟಾಪ್ ತೆರೆಯುತ್ತದೆ. ಎಕ್ಸೆಲ್ ಹಾಳೆಯಲ್ಲಿ ಇಪ್ಪತ್ತು ಹೆಣ್ಣಾಡು. ಗರ್ಭ ಐದು ತಿಂಗಳು, ಎರಡು ವರ್ಷಕ್ಕೆ ಮೂರು ಸೂಲು, ಸೂಲಿಗೆ ಎರಡು ಮರಿ, ಎರಡರಲ್ಲಿ ಒಂದು ಹೆಣ್ಣು, ಆ ಹೆಣ್ಣಿಗೂ ಅಷ್ಟೇ. ಬಿಡುವಿದ್ದ ಒಂದು ಮಧ್ಯಾಹ್ನ ನಾನೂ ಈ ಲೆಕ್ಕವನ್ನು ಮುಂದುವರಿಸಿ ನೋಡಿದೆ. ಹತ್ತನೇ ವರ್ಷಕ್ಕೆ ಹೆಣ್ಣಾಡುಗಳೇ ಎರಡು ಲಕ್ಷದ ಹತ್ತಿರ ಬರುತ್ತವೆ. ಅವಕ್ಕೆ ವೋಟು ಕೊಟ್ಟರೆ ನರಸೀಪುರದ ಶಾಸಕರು ಯಾರೆಂಬುದನ್ನು ಅವೇ ತೀರ್ಮಾನಿಸಬಹುದು. ಎಕ್ಸೆಲ್‌ನಲ್ಲಿ ಆಡು ಸಾಯುವುದಿಲ್ಲ ನೋಡಿ. ಪಿಪಿಆರ್ ಎಂಬ ಪಿಡುಗು ಇಲ್ಲ, ಕರುಳುಬೇನೆ ಇಲ್ಲ, ರಾತ್ರಿ ಬೇಲಿ ಹಾರುವ ಚಿರತೆ ಇಲ್ಲ.

ಮೇವಿನ ಕಾಲಂನಲ್ಲಿ ಹೆಚ್ಚುಕಡಿಮೆ ಸೊನ್ನೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನಂಬಿ ಬಂದವರು ಇವರು. ಮಗಳು ಒಂದು ಅಗಸೆ ಸೊಪ್ಪಿನ ಕಡ್ಡಿ ಚಾಚುತ್ತಾಳೆ, ಅದು ಜಾರಿ ಕೆಳಗೆ ಬೀಳುತ್ತದೆ, ಗಮ್‌ಬೂಟು ಅದರ ಮೇಲೆ ಕಾಲಿಡುತ್ತದೆ. ಆಡು ಬಂದು ಮೂಸಿ, ಮೂಗರಳಿಸಿ, ಮುಖ ತಿರುಗಿಸಿ ಹೋಗುತ್ತದೆ. “ತುಳ್ದದ್ದು ತಿನ್ನಾಕಿಲ್ಲ,” ಎನ್ನುತ್ತಾನೆ ಅಜ್ಜ, “ಬಲೇ ಜಂಬ ಇವಕ್ಕೆ.” ಯಜಮಾನರು ಒಂದೂವರೆ ಎಕರೆಯಲ್ಲಿ ಕುದುರೆಮಸಾಲೆ, ನೇಪಿಯರ್, ಬದುವಿನ ಮೇಲೆ ಅಗಸೆ ಬೆಳೆಸಿ, ಸಾಲದ್ದಕ್ಕೆ ಹುರುಳಿ ಹೊಟ್ಟು ಕೊಂಡು ತರುತ್ತಾರೆ ಎಂಬ ವಿಷಯಕ್ಕೆ ಎಕ್ಸೆಲ್‌ನಲ್ಲಿ ಜಾಗ ಹುಡುಕಬೇಕಾಗುತ್ತದೆ.

ಎಲ್ಲರಿಗೂ ತೋರಿಸುವ ಒಂದು ಪಾಠವಿದೆ. ಅಜ್ಜ ಒಂದು ಹೆಣ್ಣಾಡನ್ನು ಹಿಡಿದು, ಅದರ ಕುತ್ತಿಗೆಯನ್ನು ಮಂಡಿಗಳ ನಡುವೆ ಅಮುಕಿ, ಒಂದು ಹೆಬ್ಬೆರಳಿನಿಂದ ಮೇಲುರೆಪ್ಪೆ ಒತ್ತಿ, ಇನ್ನೊಂದರಿಂದ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ತೋರಿಸುತ್ತಾನೆ. ಕೆಂಪಗಿದ್ದರೆ ಕ್ಷೇಮ. ಬೆಳ್ಳಗಿದ್ದರೆ ಹೊಟ್ಟೆಯಲ್ಲಿ ಹುಳು ರಕ್ತ ಕುಡಿಯುತ್ತಿದೆ ಎಂದರ್ಥ. ಜಂತುಹುಳುವಿನ ಔಷಧಿ ಹಾಕಬೇಕು. ಭಾವೀ ಮಾಲೀಕರು ಫೋಟೊಗೆಂದು ಬಗ್ಗುತ್ತಾರೆ. ಅಜ್ಜ ಆಡಿನ ಕಣ್ಣು ನೋಡುತ್ತಾನೆ, ಅವರ ಕಣ್ಣು ನೋಡುತ್ತಾನೆ.

“ನಿಮ್ಮವೂ ಒಸಿ ಬೆಳ್ಳಗವೆ ಸ್ವಾಮಿ. ರಾತ್ರಿ ನಿದ್ದೆ ಮಾಡಾಕಿಲ್ವಾ?”

ಅತ್ತೆ ಈವರೆಗೆ ಬಾಯಿ ಬಿಟ್ಟಿರುವುದಿಲ್ಲ. ಆಕೆ ನಂಜನಗೂಡು ಕಡೆಯ ಹಳ್ಳಿಯವರು. ತಂದೆ ಮನೆಯಲ್ಲಿ ಮೂವತ್ತು ಆಡು ಇದ್ದವು. ಅವನ್ನು ಮೇಯಿಸುವುದು ತಪ್ಪುತ್ತದೆಂಬ ಒಂದೇ ಕಾರಣಕ್ಕೆ ಬೆಂಗಳೂರಿನ ಗಂಡನ್ನು ಒಪ್ಪಿದವರು. ಈಗ ಕೇಳುತ್ತಾರೆ: “ಅಳಿಯಂದ್ರೇ, ನಡುರಾತ್ರಿ ಆಡು ಮರಿ ಹಾಕಿದ್ರೆ ಯಾರು ಏಳ್ತಾರೆ?”

“ಲೇಬರ್ ಇಡೋದು ಅತ್ತೆ.”

“ಅವನು ಹಬ್ಬಕ್ಕೆ ಊರಿಗೆ ಹೋದ್ರೆ?”

“ಕ್ಯಾಮೆರಾ ಹಾಕ್ಸೋದು. ಮನೇಲಿ ಕೂತೇ ಫೋನಲ್ಲಿ ನೋಡ್ಬೋದು.”

“ನೀವು ನೋಡ್ತಾ ಇದ್ರೆ ಅಡ್ಡ ಸಿಕ್ಕಿದ ಮರಿ ನೆಟ್ಟಗೆ ಆಗುತ್ತಾ?”

ಹೆಂಡತಿ ಊಟದ ಮಾತೆತ್ತುತ್ತಾರೆ.

ಊಟ ಮುಗಿದ ಮೇಲೆ ಸುತ್ತಾಟ. ಬಂದದ್ದೇ ಬಂದೆವು ಅಂತ ಸೋಮನಾಥಪುರ, ಕಾವೇರಿ ಕಪಿಲೆಯ ಸಂಗಮ, ತಲಕಾಡು ಮೂರನ್ನೂ ಮೂರು ಗಂಟೆಯೊಳಗೆ ಮುಗಿಸುವ ಹಟ. ಹದಿಮೂರನೇ ಶತಮಾನದ ಕೇಶವ ದೇವಾಲಯಕ್ಕೆ ಇಪ್ಪತ್ತು ನಿಮಿಷ, ಅದರಲ್ಲಿ ಹನ್ನೆರಡು ಸೆಲ್ಫಿಗೆ. ಆದರೆ ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಮುಂದೆ ಮಾತ್ರ ನಿಲ್ಲುತ್ತಾರೆ. ಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಪ್ರತೀತಿ. ಅರ್ಚಕರು ಹೇಳಿ ಮುಗಿಸುವ ಮೊದಲೇ ಇವರಿಗೆ ಫಾರಂನ ತಕ್ಕಡಿ ನೆನಪಾಗುತ್ತದೆ. ಆಡನ್ನು ಜೀವಂತ ತೂಕದಲ್ಲಿ ಕೊಟ್ಟರೆ ಲಾಭವೋ, ಬಕ್ರೀದಿಗೆ ನೋಟದ ಮೇಲೆ ಕೊಟ್ಟರೆ ಲಾಭವೋ?

ಅವರು ಅತ್ತ ಹೋದಾಗ ಯಜಮಾನರು ಇತ್ತ ಲೆಕ್ಕದ ಪುಸ್ತಕ ತೆಗೆಯುತ್ತಾರೆ. ತಲೆಗೆ ಐನೂರು, ಊಟ ಸೇರಿ, ಮಕ್ಕಳಿಗೆ ಅರ್ಧ. ಒಂದು ವರ್ಷ ಪಿಪಿಆರ್ ಬಡಿದು ಅರ್ಧ ಕೊಟ್ಟಿಗೆ ಬರಿದಾಗಿತ್ತು. ಬ್ಯಾಂಕಿನ ಕಂತು ಕಟ್ಟಿದ್ದು ಈ ದುಡ್ಡಿನಲ್ಲಿ. “ಆಡು ನಂಬ್ಕೊಂಡಿದ್ರೆ ನಾನು ಎದ್ದೋಗ್ತಿದ್ದೆ ಕಣಪ್ಪ,” ಎಂದರು ಒಮ್ಮೆ ನನ್ನೊಡನೆ, ದನಿ ತಗ್ಗಿಸದೆಯೇ. “ಇವಕ್ಕೆ ಮೇವು ಬ್ಯಾಡ, ಲಸಿಕೆ ಬ್ಯಾಡ. ಭಾನ್ವಾರ ಆದ್ರೆ ತಾವಾಗೇ ಬತ್ತವೆ.” ಯಾರಿಗೂ ಅವರು ಸುಳ್ಳು ಹೇಳುವುದಿಲ್ಲ ಅನ್ನುವುದು ಸ್ವಾರಸ್ಯ. ಸಾವು, ರೋಗ, ಸಾಲ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಕೇಳಿದವರೆಲ್ಲ ‘ಎಷ್ಟು ಪ್ರಾಮಾಣಿಕ ಮನುಷ್ಯ!’ ಎಂದು ಮೆಚ್ಚಿ, ಇನ್ನೂ ನಾಲ್ವರು ಸ್ನೇಹಿತರನ್ನು ಕಳಿಸುತ್ತಾರೆ.

ಸಂಜೆ ಕಾರು ಮತ್ತೆ ಫಾರಂಗೆ ಬರುತ್ತದೆ. ಹೆಣ್ಣಾಡು ಕೊಳ್ಳುವ ಮಾತು ‘ಅಪ್ರೈಸಲ್ ಆದ ಮೇಲೆ’ ಎಂಬಲ್ಲಿಗೆ ಬಂದು ನಿಂತಿದೆ. ಬರಿಗೈಯಲ್ಲಿ ಹೋಗಬಾರದೆಂದು ಬಾಲ್ಕನಿಯ ಕುಂಡಗಳಿಗೆ ಎರಡು ಮೂಟೆ ಪಿಚ್ಚಿಕೆ ಗೊಬ್ಬರ ಖರೀದಿ. ಚೌಕಾಸಿ ಅತ್ತೆಯದು, ಮೂಟೆ ಬಿಚ್ಚಿಸಿ, ಅಂಗೈಯಲ್ಲಿ ಪುಡಿಮಾಡಿ ನೋಡಿ, ಐವತ್ತು ಇಳಿಸುತ್ತಾರೆ. ಡಿಕ್ಕಿಯಲ್ಲಿ ಗಮ್‌ಬೂಟಿಗೆ ಜಾಗ ಸಾಲದೆ ಅದು ಮಗಳ ಕಾಲ ಬುಡಕ್ಕೆ ಹೋಗುತ್ತದೆ. ನಾಲ್ಕೂ ಕಿಟಕಿ ಇಳಿಸಿಕೊಂಡು ಕಾರು ಬನ್ನೂರು ದಾರಿ ಹಿಡಿಯುತ್ತದೆ.

ಯಜಮಾನರು ಅಜ್ಜನನ್ನು ಕೂಗುತ್ತಾರೆ: “ಬರೋ ವಾರ ಎಂಟು ಜನ ಅಂತೆ. ಆ ಬಿಳೀ ಮರಿಗೆ ಶನಿವಾರವೇ ಒಸಿ ಮೈ ತೊಳ್ದಿಡು, ಫೋಟೊಗೆ ಅದೇ ಚಂದ.”