ಕಲ್ಪವೃಕ್ಷದ ಕಾಟ

ಫ್ಯಾನನ್ನು ಭೋಗವಸ್ತುವೆಂದೇ ಭಾವಿಸಿದ್ದ ಬಸವನಗುಡಿಯು 2024ರ ಏಪ್ರಿಲಿನಲ್ಲಿ 38 ಡಿಗ್ರಿಯ ತಾಪಕ್ಕೆ ಬೆಂದು, ಪಾನಕ ಮಜ್ಜಿಗೆಗಳನ್ನು ಮೊರೆಹೊಕ್ಕು, ಬೆಣ್ಣೆ ತಾನಾಗಿ ಕರಗುವ ಆ ಸೆಕೆಯಲ್ಲಿಯೂ ದೊಡ್ಡಗಣಪತಿಗೆ ಬೆಣ್ಣೆಯಲಂಕಾರದ ಹರಕೆ ಹೊರಲು, ಆತನು ಮಳೆಯ ಕೋರಿಕೆಯನ್ನು ಬಡ್ಡಿಸಮೇತ ನಡೆಸಿಕೊಟ್ಟು ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಸಿದನು. ಅಂದಿನ ಗಾಳಿಗೆ ನಮ್ಮ ಹಿತ್ತಿಲ ತೆಂಗು ನೆರೆಮನೆಯತ್ತ ಸ್ನೇಹಪೂರ್ವಕವಾಗಿ ಬಾಗಿ, ಅವರ ಒಗೆಯುವ ಕಲ್ಲಿನ ಪಕ್ಕದಲ್ಲಿ ಪಂಚೆ ನೆನೆಹಾಕಿದ್ದ ಬಕೆಟ್ಟಿಗೆ ಗುರಿಯಿಟ್ಟಂತೆ ಒಣಸೋಗೆಯೊಂದನ್ನು ಕೆಡವಿತು. ತೆಂಗನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಅಡ್ಡಿಯಿಲ್ಲವೆಂದು ನಾನು ವಿನಯದಿಂದ ನಿವೇದಿಸಲು, ನನ್ನಾಕೆಯು, “ಚಟ್ನಿಗೇನು ನಿಮ್ಮ ಅಧಿನಿಯಮ ರುಬ್ಬಲೇ?” ಎಂದಳು. ಸರ್ಕಾರದ ಕಾಯಿದೆಯಲ್ಲಿ ವಿನಾಯಿತಿಯುಂಟು, ಅಡಿಗೆಮನೆಯದರಲ್ಲಿಲ್ಲ. ಆದುದರಿಂದ ಮರವನ್ನು ತಂತಿಯಿಂದ ಬಿಗಿಸಿ, ನೆರೆಯವರಿಗೆ ತೆಂಗಿನಕಾಯಿಯ ಕಪ್ಪವೊಪ್ಪಿಸುತ್ತ ಸಂಧಿ ಮಾಡಿಕೊಂಡಿದ್ದೇನೆ.